ಐದು ಲಕ್ಷದ ಕಾರ್ಡ್ ಇದೆ, ಡಾಕ್ಟ್ರು ಎಲ್ಲಿ? ಮಲೆನಾಡಿನಿಂದ ನೋಡಿದ ಆರೋಗ್ಯ ರಾಜಕೀಯ

ನಮಸ್ಕಾರ.

ಚುನಾವಣೆ ಹತ್ತಿರ ಬಂತು ಅಂದರೆ ಸಾಕು, ಶಿವಮೊಗ್ಗದ ದೊಡ್ಡ ಸಭೆಯಿಂದ ಹಿಡಿದು ಹೊಸನಗರದ ಬಸ್ ಸ್ಟ್ಯಾಂಡಿನ ಭಾಷಣದವರೆಗೆ ಒಂದು ಕಾರ್ಡಿನ ಮಾತು ಬಂದೇ ಬರುತ್ತದೆ. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಕೊಡುವ ಆಯುಷ್ಮಾನ್ ಕಾರ್ಡ್. ಇದು ಕೇಂದ್ರ ಕೊಟ್ಟಿದ್ದು ಅಂತ ಒಬ್ಬರು. ಇಲ್ಲ, ಜಾಸ್ತಿ ದುಡ್ಡು ರಾಜ್ಯದ್ದು ಅಂತ ಇನ್ನೊಬ್ಬರು. ಯಾರ ಫೋಟೋ ಹಾಕಬೇಕು, ಯಾರ ಹೆಸರು ಮೊದಲು ಬರಬೇಕು ಅನ್ನುವಲ್ಲಿಗೆ ಜಗಳ ಬಂದು ನಿಲ್ಲುತ್ತದೆ.

ಆ ಜಗಳವನ್ನು ಇವತ್ತು ಮಲೆನಾಡಿನ ಕಡೆಯಿಂದ ನೋಡೋಣ. ನನ್ನ ನಿಲುವು ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಕಾರ್ಡ್ ಬೇಕು. ಆದರೆ ಸರ್ಕಾರ ಇನ್ನು ಮುಂದೆ ಹಾಕುವ ಹೊಸ ದುಡ್ಡು ಮೊದಲು ಹೋಗಬೇಕಾದ್ದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಂದರೆ ಪಿಎಚ್‌ಸಿಗೆ.

[ಪರದೆಯ ಮೇಲೆ: 2003 – 2010 – 2018 – 2022]

ಈ ಕಾರ್ಡಿನ ಕಥೆ ದೆಹಲಿಯಲ್ಲಿ ಶುರುವಾಗಿದ್ದಲ್ಲ. 2003ರಲ್ಲಿ ಕರ್ನಾಟಕ ಸರ್ಕಾರ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಯೋಜನೆ ತಂದಿತು. ಆಗ ತಿಂಗಳಿಗೆ ಐದು ರೂಪಾಯಿ ಕಟ್ಟಿದರೆ ಸಾಕಿತ್ತು, ಪಟ್ಟಿಯಲ್ಲಿರುವ ಆಪರೇಷನ್‌ಗಳ ಖರ್ಚನ್ನು ಯೋಜನೆಯೇ ಕೊಡುತ್ತಿತ್ತು. 2010ರಲ್ಲಿ ಬಿಪಿಎಲ್ ಕುಟುಂಬಗಳಿಗೆ ವಾಜಪೇಯಿ ಆರೋಗ್ಯಶ್ರೀ ಬಂತು. 2018ರ ಮಾರ್ಚ್‌ನಲ್ಲಿ ಇಂಥ ಯೋಜನೆಗಳನ್ನೆಲ್ಲ ಸೇರಿಸಿ ಆರೋಗ್ಯ ಕರ್ನಾಟಕ ಅಂತ ಮಾಡಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು. ಎರಡನ್ನೂ ಒಂದೇ ಹೆಸರಿನಡಿ ತಂದರು. ಈ ಬದಲಾವಣೆಯಲ್ಲಿ ಯಶಸ್ವಿನಿ ನಿಂತುಹೋಯಿತು. ರೈತರು ಅದು ಬೇಕು ಅಂತ ಕೇಳುತ್ತಲೇ ಇದ್ದರು. ಕೊನೆಗೆ 2022ರಲ್ಲಿ ಮತ್ತೆ ಶುರುವಾಯಿತು. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ.

ದುಡ್ಡು ಯಾರದ್ದು ಅನ್ನುವ ಪ್ರಶ್ನೆಗೆ ಉತ್ತರ ಸುಲಭ. ಇಬ್ಬರದ್ದೂ. 2011ರ ಸಾಮಾಜಿಕ ಆರ್ಥಿಕ ಗಣತಿಯ ಪಟ್ಟಿಯಲ್ಲಿರುವ ಬಡ ಕುಟುಂಬಗಳಿಗೆ ಕೇಂದ್ರ 60, ರಾಜ್ಯ 40 ಅನ್ನುವ ಲೆಕ್ಕದಲ್ಲಿ ಹಂಚಿಕೊಳ್ಳುತ್ತವೆ. ಆ ಪಟ್ಟಿಯ ಹೊರಗಿನ ಬಿಪಿಎಲ್ ಕುಟುಂಬಗಳ ಖರ್ಚು ರಾಜ್ಯದ ಮೇಲೆ ಬೀಳುತ್ತದೆ. ಭಾಷಣದಲ್ಲಿ ಇದರ ಅರ್ಧ ಮಾತ್ರ ಕೇಳಿಸುತ್ತದೆ, ಅಷ್ಟೇ.

ಕಾರ್ಡ್ ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಉದಾಹರಣೆ ನೋಡೋಣ.

[ದೃಶ್ಯ: ಅಡಕೆ ತೋಟ, ಮರದಿಂದ ಮರಕ್ಕೆ ದಾಟುತ್ತಿರುವ ಕೊನೆಗಾರ]

ಹೊಸನಗರದ ಕಡೆ ಒಬ್ಬ ಕೊನೆಗಾರ ಅಡಕೆ ಮರದಿಂದ ಬೀಳುತ್ತಾನೆ ಅಂದುಕೊಳ್ಳಿ. ತಲೆಗೆ ಪೆಟ್ಟು, ಬೆನ್ನಿಗೂ ಪೆಟ್ಟು. ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಚಿಕಿತ್ಸೆ ಮಾಡಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಅಥವಾ ಮಣಿಪಾಲಕ್ಕೆ ಕಳಿಸುತ್ತಾರೆ. ಸಾಮಾನ್ಯವಾಗಿ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ತುರ್ತು ಚಿಕಿತ್ಸೆಗಳಿಗೆ ಬೇಡ. ಅವನ ಮನೆಯದ್ದು ಬಿಪಿಎಲ್ ಕಾರ್ಡ್ ಆಗಿದ್ದರೆ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆಪರೇಷನ್ ಉಚಿತ. ಇದು ದೊಡ್ಡ ವಿಷಯ. ಹಿಂದೆ ಹೀಗೆ ಒಮ್ಮೆ ಬಿದ್ದರೆ ಮನೆಯ ಒಡವೆ, ದನ, ಜಾಗ ಎಲ್ಲ ಹೋಗುತ್ತಿತ್ತು.

ಆದರೆ ಅವನು ಮನೆಗೆ ಬಂದ ಮೇಲೆ? ಆಯುಷ್ಮಾನ್ ಯೋಜನೆಯಲ್ಲಿ ಡಿಸ್ಚಾರ್ಜ್ ಆದ ನಂತರ 15 ದಿನದ ಔಷಧಿಗೆ ಅವಕಾಶ ಇದೆ. ಬೆನ್ನು ಮುರಿದವನಿಗೆ ತಿಂಗಳುಗಟ್ಟಲೆ ಫಿಸಿಯೋಥೆರಪಿ ಬೇಕು. ಮತ್ತೆ ಮತ್ತೆ ತೋರಿಸಿಕೊಂಡು ಬರಬೇಕು. ಹೋಗಿಬರಲು ಗಾಡಿ ಮಾಡಬೇಕು. ಜೊತೆಗೆ ಹೋದ ಹೆಂಡತಿಯ ಕೂಲಿ ಹೋಗುತ್ತದೆ. ಇದಕ್ಕೆಲ್ಲ ಐದು ಲಕ್ಷದಲ್ಲಿ ಜಾಗ ಇಲ್ಲ. ಶುಗರ್, ಬಿಪಿಗೆ ಪ್ರತಿ ತಿಂಗಳು ಮಾತ್ರೆ ತರುವವರಿಗೂ ಈ ಕಾರ್ಡಿನಿಂದ ಏನೂ ಸಿಗುವುದಿಲ್ಲ. ಅಡ್ಮಿಟ್ ಆದರೆ ಮಾತ್ರ ಕಾರ್ಡ್.

ಅದೇ ಮರದಿಂದ ತೋಟದ ಯಜಮಾನನೇ ಬಿದ್ದರೆ? ಒಂದೂವರೆ ಎಕರೆ ತೋಟ, ಎಲೆಚುಕ್ಕಿ ರೋಗಕ್ಕೆ ಅರ್ಧ ಫಸಲು ಹೋಗಿದೆ, ಆದರೂ ಕೈಯಲ್ಲಿರುವುದು ಎಪಿಎಲ್ ಕಾರ್ಡ್. ಅವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ, ಶೇ 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷದವರೆಗೆ. ಪ್ಯಾಕೇಜ್ ಒಂದು ಲಕ್ಷದ್ದಾದರೆ 70,000 ಕೈಯಿಂದ ಹಾಕಬೇಕು. ಮಲೆನಾಡಿನ ಸಣ್ಣ ಹಿಡುವಳಿದಾರರು ಯಶಸ್ವಿನಿ ಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಈಗ ಕಾರ್ಡಿನ, ಅಂದರೆ ಇಂಥ ವಿಮೆಯ ಪರವಾಗಿ ಇರುವವರ ಮಾತನ್ನು ನ್ಯಾಯವಾಗಿ ಕೇಳಬೇಕು. ಅವರ ಹತ್ತಿರ ಗಟ್ಟಿ ಸಾಕ್ಷಿ ಇದೆ, ಅದೂ ನಮ್ಮ ರಾಜ್ಯದ್ದೇ. ಆರೋಗ್ಯಶ್ರೀ ಮೊದಲು ಉತ್ತರ ಕರ್ನಾಟಕದಲ್ಲಿ ಬಂತು, ದಕ್ಷಿಣಕ್ಕೆ ಆಮೇಲೆ. ಹಾಗಾಗಿ ಗಡಿಯ ಈಚೆ ಆಚೆ ಇರುವ ಹಳ್ಳಿಗಳನ್ನು ಹೋಲಿಸಿ ನೋಡಲು ಸಾಧ್ಯವಾಯಿತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಆ ಅಧ್ಯಯನ ಬಂತು. ಯೋಜನೆ ಇದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ, ಯೋಜನೆಗೆ ಸೇರಿದ ಕಾಯಿಲೆಗಳಿಂದ ಆದ ಸಾವು ಶೇ 64ರಷ್ಟು ಕಡಿಮೆ ಇತ್ತು. ಹೃದಯ, ಕ್ಯಾನ್ಸರ್‌ನಂಥ ಕಾಯಿಲೆಗಳು. ಕಾರ್ಡ್ ಅಂದರೆ ಖಾಸಗಿಯವರಿಗೆ ದುಡ್ಡು ಕೊಡುವ ದಾರಿ ಅಷ್ಟೇ ಅಂತ ತಳ್ಳಿಹಾಕುವವರು ಈ ಲೆಕ್ಕಕ್ಕೆ ಉತ್ತರ ಕೊಡಬೇಕಾಗುತ್ತದೆ. ಎದೆ ತೆರೆದು ಮಾಡುವ ಆಪರೇಷನ್ ಪ್ರತಿ ತಾಲ್ಲೂಕಿನಲ್ಲೂ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಹಾಗಾದರೆ ನನ್ನ ತಕರಾರು ಏನು? ಅದನ್ನು ಹೇಳಲು ಮಂಗನ ಕಾಯಿಲೆಗಿಂತ ಒಳ್ಳೆಯ ಉದಾಹರಣೆ ಇಲ್ಲ.

[ನಕ್ಷೆ: ಸೊರಬ, ಸಾಗರ, ತೀರ್ಥಹಳ್ಳಿ, ಹೊಸನಗರ]

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಆ ಕಾಡಿನ ಹೆಸರೇ ಕಾಯಿಲೆಗೆ ಬಂತು, ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ. ಹರಡುವುದು ರಕ್ತ ಹೀರುವ ಉಣುಗು ಹುಳದಿಂದ. ಸೌದೆಗೆ, ದರಗಿಗೆ, ಸೊಪ್ಪಿಗೆ ಕಾಡಿಗೆ ಹೋದವರಿಗೆ ಕಚ್ಚುತ್ತದೆ. ಮಳೆ ನಿಂತ ಮೇಲೆ ಶುರುವಾಗಿ ಬೇಸಿಗೆ ಮುಗಿಯುವವರೆಗೆ ಇದರ ಕಾಲ. ಜೋರು ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಕಾಯಿಲೆ ಬಂದ ನೂರರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಈ ವೈರಸ್ಸಿಗೆ ಅಂತಲೇ ಔಷಧಿ ಇಲ್ಲ. ಮೊದಲು ಕೊಡುತ್ತಿದ್ದ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆ ತಯಾರಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ.

ಹಾಗಿದ್ದ ಮೇಲೆ ಜೀವ ಉಳಿಸುವುದು ಯಾವುದು? ಕಾಡಿನಲ್ಲಿ ಮಂಗ ಸತ್ತಿದ್ದನ್ನು ಕಂಡವರು ತಕ್ಷಣ ಹೇಳಬೇಕು. ಸತ್ತ ಜಾಗದ ಸುತ್ತ ಉಣುಗು ಸಾಯುವ ಪುಡಿ ಹಾಕಬೇಕು. ಆಶಾ ಕಾರ್ಯಕರ್ತೆ ಮನೆ ಮನೆಗೆ ಹೋಗಿ, ಕಾಡಿಗೆ ಹೋಗುವ ಮೊದಲು ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ ಅಂತ ಹೇಳಬೇಕು, ಎಣ್ಣೆ ಕೈಗೆ ಕೊಡಬೇಕು. ಜ್ವರ ಬಂದವರ ರಕ್ತದ ಮಾದರಿ ಆವತ್ತೇ ಶಿವಮೊಗ್ಗದ ಲ್ಯಾಬಿಗೆ ಹೊರಡಬೇಕು. ರಕ್ತ ತೆಗೆಯುವವರು ಪಿಎಚ್‌ಸಿಯಲ್ಲಿ ಇರಬೇಕು. ಇದು ಮಾಮೂಲಿ ಜ್ವರ ಅಲ್ಲ ಅಂತ ಅನುಮಾನ ಪಡುವ ಡಾಕ್ಟ್ರು ಬೇಕು, ಅದೂ ಆ ಕಾಡನ್ನು ಗೊತ್ತಿರುವ ಡಾಕ್ಟ್ರು.

ಈ ಕೆಲಸಗಳಲ್ಲಿ ಒಂದಕ್ಕೂ ಪ್ಯಾಕೇಜ್ ದರ ಇಲ್ಲ. ಯಾವ ವಿಮೆಯೂ ಸತ್ತ ಮಂಗನ ಲೆಕ್ಕ ಇಡುವುದಿಲ್ಲ. 2018ರ ಕೊನೆ ಮತ್ತು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆ ಹಲವರ ಜೀವ ತೆಗೆದುಕೊಂಡಿತು. ಆಯುಷ್ಮಾನ್ ಕಾರ್ಡ್ ಬಂದ ಮೊದಲ ಚಳಿಗಾಲವೂ ಅದೇ. ರೋಗಿಗಳು ಘಾಟಿ ಇಳಿದು ಮಣಿಪಾಲಕ್ಕೆ ಹೋದರು. ಕೆಎಫ್‌ಡಿ ಚಿಕಿತ್ಸೆ ಉಚಿತ ಅಂತ ಸರ್ಕಾರ ಘೋಷಿಸಿದೆ, ಒಳ್ಳೆಯದೇ. ಆದರೆ ಬಿಲ್ಲು ಕಟ್ಟುವ ಹೊತ್ತಿಗೆ ಕಾಯಿಲೆ ಬಂದಾಗಿರುತ್ತದೆ. ಅದು ಬಾರದ ಹಾಗೆ ನೋಡಿಕೊಳ್ಳುವ ಕೆಲಸ ಊರಿನಲ್ಲೇ ಆಗಬೇಕು, ಸಂಬಳ ಪಡೆಯುವ ಮನುಷ್ಯರಿಂದ ಆಗಬೇಕು. ನಾನು ಇಷ್ಟು ಒತ್ತಿ ಹೇಳುತ್ತಿರುವುದು ಇದೊಂದನ್ನೇ.

ಇನ್ನು ದೂರದ ಮಾತು. ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪಿಎಚ್‌ಸಿ, 3,000 ಜನಕ್ಕೆ ಒಂದು ಉಪಕೇಂದ್ರ. ಬಯಲುಸೀಮೆಗಾದರೆ 30,000 ಮತ್ತು 5,000. ಕೇಳಲು ಚೆನ್ನಾಗಿದೆ. ಆದರೆ ಮಲೆನಾಡಿನಲ್ಲಿ 3,000 ಜನ ಒಂದೇ ಕಡೆ ಇರುತ್ತಾರಾ? ಇಲ್ಲೊಂದು ಮನೆ, ಗುಡ್ಡ ಇಳಿದು ಹಳ್ಳ ದಾಟಿದರೆ ಇನ್ನೊಂದು ಮನೆ. ತಲೆ ಎಣಿಸಿ ಆಸ್ಪತ್ರೆ ಕೊಟ್ಟರೆ ಇಲ್ಲಿ ಯಾವಾಗಲೂ ದೂರವೇ ಆಗುತ್ತದೆ. ಎಷ್ಟು ಹೊತ್ತಿನಲ್ಲಿ ತಲುಪುತ್ತಾರೆ ಅನ್ನುವುದೇ ಅಳತೆ ಆಗಬೇಕು. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚಿದ ದಿನದ ಹೊತ್ತನ್ನೂ ಲೆಕ್ಕ ಹಾಕಬೇಕು.

ಶರಾವತಿ ಹಿನ್ನೀರಿನ ಆಚೆಯ ತುಮರಿ, ಸಿಗಂದೂರು ಕಡೆಯವರನ್ನು ಕೇಳಿ. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ ಸುತ್ತಿ ಬಳಸಿ ಹೋಗಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಪ್ರವಾಸಿಗರು ಅಲ್ಲಿ ಸೆಲ್ಫಿ ತೆಗೆಯುತ್ತಾರೆ. ನನಗೆ ಅದು ಆಂಬುಲೆನ್ಸ್ ಓಡಾಡುವ ದಾರಿ. ಅಣೆಕಟ್ಟಿಗಾಗಿ ಊರು ಬಿಟ್ಟುಕೊಟ್ಟವರ ಕಡೆಗೆ ಆ ದಾರಿ ಬರಲು ಇಷ್ಟು ದಶಕ ಬೇಕಾಗಿರಲಿಲ್ಲ.

ಕಟ್ಟಡ ಇದ್ದೂ ಜನ ಇಲ್ಲದಿದ್ದರೆ? ಡಾಕ್ಟ್ರೇ ಇಲ್ಲದ ಊರಿಗೆ ಆರೋಗ್ಯ ಕಾರ್ಡ್ ಕೊಡುವುದು ಬಸ್ಸೇ ಬಾರದ ಊರಿಗೆ ಬಸ್ ಪಾಸ್ ಕೊಟ್ಟ ಹಾಗೆ. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು ಅಂತ ರಾಜ್ಯ 2012ರಲ್ಲಿ ಕಾನೂನು ಮಾಡಿತು. ಇದರಿಂದ ಸ್ವಲ್ಪ ಅನುಕೂಲ ಆಗಿದೆ. ಆದರೆ ಒಂದು ವರ್ಷಕ್ಕೆ ಬಂದವರು ಊರು ಪರಿಚಯ ಆಗುವ ಹೊತ್ತಿಗೆ ಪಿಜಿ ಓದಲು ಹೊರಡುತ್ತಾರೆ. ತಪ್ಪು ಅವರದ್ದಲ್ಲ. ಸೋರದ ಕ್ವಾರ್ಟರ್ಸ್, ಮಕ್ಕಳಿಗೆ ಶಾಲೆ, ಮೊಬೈಲ್ ಸಿಗ್ನಲ್, ಗುಡ್ಡಗಾಡಿನಲ್ಲಿ ಇರುವುದಕ್ಕೆ ಹೆಚ್ಚಿನ ಭತ್ಯೆ, ಇಷ್ಟು ವರ್ಷದ ನಂತರ ಬೇಕಾದ ಕಡೆ ವರ್ಗ ಅನ್ನುವ ಖಾತ್ರಿ ಇಲ್ಲದೆ ಯಾರು ಉಳಿಯುತ್ತಾರೆ? ನರ್ಸ್, ಲ್ಯಾಬ್ ಟೆಕ್ನೀಷಿಯನ್‌ಗಳಲ್ಲಿ ಎಷ್ಟೋ ಜನ ಗುತ್ತಿಗೆ ಮೇಲೆ ಇದ್ದಾರೆ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ರಾತ್ರಿ ಹಗಲು ಕೂತರು. ಕೇಳಿದ್ದು ತಿಂಗಳಿಗೆ 15,000. ಸಿಕ್ಕಿದ್ದು ಕನಿಷ್ಠ 10,000 ಸಿಗುವ ಹಾಗೆ ಮಾಡುತ್ತೇವೆ ಅನ್ನುವ ಮಾತು. ಸತ್ತ ಮಂಗನ ಸುದ್ದಿ ಮೊದಲು ತಿಳಿಯುವುದು ಈ ಹೆಣ್ಣುಮಕ್ಕಳಿಗೆ.

ಖಾಸಗಿ ಆಸ್ಪತ್ರೆಗಳ ಮಾತು ಬಿಟ್ಟರೆ ಈ ವಿಡಿಯೋ ಪೂರ್ತಿ ಆಗುವುದಿಲ್ಲ. 2017ರಲ್ಲಿ, ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ, ಖಾಸಗಿ ಆಸ್ಪತ್ರೆಗಳ ದರಕ್ಕೆ ಮಿತಿ ಹಾಕುವ, ರೋಗಿಗಳ ದೂರು ಕೇಳುವ ತಿದ್ದುಪಡಿ ಮಸೂದೆ ಬಂತು. ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ವೈದ್ಯರಿಗೆ ಜೈಲು ಶಿಕ್ಷೆ ಅನ್ನುವುದಕ್ಕೆ ಅವರ ವಿರೋಧ ಜೋರಾಗಿತ್ತು. ಕೊನೆಗೆ ಮೆತ್ತಗಾದ ಮಸೂದೆ ಪಾಸಾಯಿತು. 2023ರಲ್ಲಿ ರಾಜಸ್ಥಾನ ಆರೋಗ್ಯದ ಹಕ್ಕಿನ ಕಾನೂನು ತಂದಾಗಲೂ ಹೀಗೇ ಮುಷ್ಕರ ಆಯಿತು. ವೈದ್ಯರ ಒಂದು ಪ್ರಶ್ನೆ ಸರಿಯಾಗಿಯೇ ಇತ್ತು: ತುರ್ತು ಚಿಕಿತ್ಸೆಯನ್ನು ಮೊದಲು ದುಡ್ಡು ಕೇಳದೆ ಮಾಡಿ ಅನ್ನುತ್ತೀರಿ, ಆ ಖರ್ಚನ್ನು ನಮಗೆ ಯಾವಾಗ ಕೊಡುತ್ತೀರಿ? ಸರ್ಕಾರ ಬಿಲ್ಲು ತಡಮಾಡಿದರೆ ಸಣ್ಣ ಊರಿನ ಸಣ್ಣ ನರ್ಸಿಂಗ್ ಹೋಮ್ ಮೊದಲು ಮುಚ್ಚುತ್ತದೆ.

[ಪರದೆಯ ಮೇಲೆ: ಶೇ 1.84 ಮತ್ತು ಶೇ 2.5]

ಇಷ್ಟಕ್ಕೂ ದುಡ್ಡು ಎಲ್ಲಿದೆ? ದೇಶದ ಜಿಡಿಪಿಯಲ್ಲಿ ಶೇ 2.5ರಷ್ಟನ್ನು 2025ರ ಹೊತ್ತಿಗೆ ಸರ್ಕಾರಗಳು ಆರೋಗ್ಯಕ್ಕೆ ಖರ್ಚು ಮಾಡಬೇಕು ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. 2021-22ರಲ್ಲಿ, ಕೋವಿಡ್ ಖರ್ಚೂ ಸೇರಿ, ಅದು ಶೇ 1.84 ಇತ್ತು. ಅದೇ ವರ್ಷ ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಶೇ 39.4 ಜನರ ಜೇಬಿನಿಂದಲೇ ಹೋಯಿತು. 2013-14ರಲ್ಲಿ ಇದು ಶೇ 64.2 ಇತ್ತು. ಇಳಿದಿದೆ, ನಿಜ. ಆದರೂ ನೂರಕ್ಕೆ ನಲವತ್ತು ರೂಪಾಯಿ ಅಂದರೆ ಕೂಲಿ ಮಾಡುವ ಮನೆಗೆ ಕಡಿಮೆಯಲ್ಲ.

ಕಾರ್ಡಿಗೂ ಆಸ್ಪತ್ರೆಗೂ ಜಗಳ ಇರಲೇಬೇಕಾಗಿಲ್ಲ ಅನ್ನುವುದಕ್ಕೆ ಒಂದು ಒಳ್ಳೆಯ ಉದಾಹರಣೆ ನಮ್ಮ ಹತ್ತಿರವೇ ಇದೆ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ. ಎದೆನೋವು ಅಂತ ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿ ತಕ್ಷಣ ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಹೋಗುತ್ತದೆ. ಅವರು ಹೇಳಿದರೆ, ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಆಮೇಲೆ ಮುಂದಿನ ಆಸ್ಪತ್ರೆಗೆ ಪ್ರಯಾಣ, ಅಲ್ಲಿ ಕಾರ್ಡ್. ಮೊದಲ ಗಂಟೆಯ ಕೆಲಸ ಹತ್ತಿರದಲ್ಲಿ, ಕಷ್ಟದ ಕೆಲಸ ದೂರದಲ್ಲಿ. ಮಲೆನಾಡಿಗೆ ಬೇಕಾದ ಕ್ರಮ ಇದು. ಮಂಗನ ಕಾಯಿಲೆಗೆ, ಹೆರಿಗೆಗೆ, ಹಾವು ಕಚ್ಚಿದ್ದಕ್ಕೆ ಕೂಡ ಹೀಗೇ ಆಗಬೇಕು.

ಮುಂದಿನ ಸಲ ನಿಮ್ಮ ಊರಿಗೆ ಮತ ಕೇಳಲು ಬಂದವರು ಕಾರ್ಡಿನ ಮಾತು ತೆಗೆದರೆ, ಸುಮ್ನೆ ತಲೆಯಾಡಿಸಬೇಡಿ. ನಮ್ಮ ಪಿಎಚ್‌ಸಿಗೆ ಮಂಜೂರಾದ ಹುದ್ದೆ ಎಷ್ಟು, ತುಂಬಿರುವುದು ಎಷ್ಟು ಅಂತ ಕೇಳಿ. ರಾತ್ರಿ ಒಂಬತ್ತಕ್ಕೆ ಹಾವು ಕಚ್ಚಿದರೆ ವಿಷ ಇಳಿಸುವ ಇಂಜೆಕ್ಷನ್ ಎಲ್ಲಿ ಸಿಗುತ್ತದೆ ಅಂತ ಕೇಳಿ. ಉಣುಗಿನ ಎಣ್ಣೆ ನವೆಂಬರ್‌ಗೇ ಆಶಾ ಕಾರ್ಯಕರ್ತೆಯ ಕೈ ಸೇರುತ್ತದಾ, ಇಲ್ಲ ಜನ ಸತ್ತ ಮೇಲೆ ಬರುತ್ತದಾ ಅಂತಲೂ ಕೇಳಿ. ಚುನಾವಣೆಗೆ ಇನ್ನೂ ದೂರ ಇದೆ ಅಂದರೆ ಗ್ರಾಮಸಭೆ ಇದೆ. ಅಲ್ಲಿ ಕೇಳಿದ ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆಸಿ, ಉತ್ತರವನ್ನೂ ಬರೆಸಿ.