ಗೇರ್‌ಬಾಕ್ಸ್ ಇಳಿಸುವ ಮೊದಲು: ಹಳೆಯ ಗಾಡಿಯ ಹೈಡ್ರಾಲಿಕ್ ಕ್ಲಚ್ ತಪಾಸಣೆ

(ಬಳ್ಳಾರಿಯಲ್ಲಿ ಮೆಕ್ಯಾನಿಕ್‌ಗಳು ಮತ್ತು ಚಾಲಕರಿಗಾಗಿ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಹಳೆಯ ಸುಮೋ, ಕ್ವಾಲಿಸ್‌ಗಳು ನಮ್ಮ ಕಡೆ ಇನ್ನೂ ಬಾಡಿಗೆಗೆ ಓಡುತ್ತಿವೆ. ‘ಕ್ಲಚ್ ಹೋಗಿದೆ’ ಅಂತ ಅಂಥ ಗಾಡಿ ಬಂದರೆ ಸಾಕು, ಜಾಕ್ ಕೊಟ್ಟು ಗೇರ್‌ಬಾಕ್ಸ್ ಇಳಿಸುವುದು ರೂಢಿಯಾಗಿಬಿಟ್ಟಿದೆ. ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಹೊಸದು ಹಾಕಿ ಮತ್ತೆ ಏರಿಸಿದ ಮೇಲೂ ರಿವರ್ಸ್ ಹಾಕಿದರೆ ಕರ್ರ್ ಅನ್ನುತ್ತದೆ. ಆಗ ಸ್ಲೇವ್ ಸಿಲಿಂಡರ್ ಕಡೆ ಕಣ್ಣು ಹೋಗುತ್ತದೆ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಎಣ್ಣೆಯನ್ನು, ಅಂದರೆ ಬ್ರೇಕ್ ಆಯಿಲನ್ನು, ತಳ್ಳುತ್ತದೆ; ಆ ಎಣ್ಣೆ ಸ್ಲೇವ್‌ನ ಪಿಸ್ಟನ್ನನ್ನು ತಳ್ಳುತ್ತದೆ; ಅದು ಫೋರ್ಕ್ ಮೂಲಕ ರಿಲೀಸ್ ಬೇರಿಂಗನ್ನು ಒತ್ತಿ ಕ್ಲಚ್ ಬಿಡಿಸುತ್ತದೆ. ನಾನು ಹೇಳುವುದು ಇಷ್ಟೇ: ದೋಷ ಎಣ್ಣೆಯ ದಾರಿಯಲ್ಲಿದೆಯೋ ಬೆಲ್ ಹೌಸಿಂಗ್ (ಕ್ಲಚ್ ಕೂರುವ ಗೂಡು) ಒಳಗಿದೆಯೋ ಎಂಬುದನ್ನು ಹೊರಗಿನಿಂದಲೇ ತಿಳಿಯಬಹುದು. ಒಂದು ಸ್ಟೀಲ್ ಸ್ಕೇಲ್, ಒಂದು ಟಾರ್ಚ್, ಪೆಡಲ್ ತುಳಿಯಲು ಒಬ್ಬ ಹುಡುಗ ಇದ್ದರೆ ಆಯಿತು.

ಮೊದಲು ಕೇಳಬೇಕಾದ್ದು, ಕ್ಲಚ್ ಸ್ಲಿಪ್ ಆಗುತ್ತಿದೆಯೋ (ಹಿಡಿಯದೆ ಜಾರುತ್ತಿದೆಯೋ), ಕಟ್ ಆಗುತ್ತಿಲ್ಲವೋ (ಪೆಡಲ್ ಒತ್ತಿದರೂ ಬಿಡುತ್ತಿಲ್ಲವೋ)? ಎರಡೂ ತದ್ವಿರುದ್ಧ ರೋಗ. ಏರಿನಲ್ಲಿ ಎಂಜಿನ್ ಸದ್ದು ಏರುತ್ತದೆ, ಗಾಡಿ ವೇಗ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ ಎಂದರೆ ಸ್ಲಿಪ್. ಗೇರ್ ಬೀಳುವುದೇ ಕಷ್ಟ, ರಿವರ್ಸ್ ಕಿರುಚುತ್ತದೆ, ಸಿಗ್ನಲ್‌ನಲ್ಲಿ ಪೆಡಲ್ ಒತ್ತಿ ನಿಂತರೂ ಗಾಡಿ ಮುಂದೆ ತೆವಳುತ್ತದೆ ಎಂದರೆ ಕಟ್ ಆಗುತ್ತಿಲ್ಲ. ಹೈಡ್ರಾಲಿಕ್ ಕೈಕೊಟ್ಟಾಗ ಬಹುತೇಕ ಕಾಣುವುದು ಈ ಎರಡನೆಯದು. ಸ್ಲಿಪ್‌ಗೆ ಸಾಮಾನ್ಯವಾಗಿ ಪ್ಲೇಟ್ ಸವೆತ ಅಥವಾ ಪ್ಲೇಟಿಗೆ ಹತ್ತಿದ ಎಣ್ಣೆ ಕಾರಣ. ಒಂದು ಅಪವಾದ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಕಟ್ ಆಗುತ್ತಿದೆಯೋ ಎಂದು ನೋಡಲು ರಿವರ್ಸ್ ಗೇರೇ ಒಳ್ಳೆಯ ಪರೀಕ್ಷೆ. ಹಳೆಯ ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸ್‌ಗೆ ಸಾಮಾನ್ಯವಾಗಿ ಸಿಂಕ್ರೋ (ಹಲ್ಲುಗಳ ವೇಗ ಹೊಂದಿಸಿ ಗೇರ್ ಸದ್ದಿಲ್ಲದೆ ಬೀಳಿಸುವ ಭಾಗ) ಇರುವುದಿಲ್ಲ, ಹಾಗಾಗಿ ಅದು ಸುಳ್ಳು ಹೇಳುವುದಿಲ್ಲ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರಲಿ. ಪೆಡಲ್ ಪೂರ್ತಿ ಒತ್ತಿ, ಐದಾರು ಸೆಕೆಂಡ್ ತಡೆದು, ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಬಿಡುತ್ತಿದೆ. ಕಿರುಚಿದರೆ ಪೆಡಲನ್ನು ಬೇಗ ಬೇಗ ಮೂರ್ನಾಲ್ಕು ಸಲ ಪಂಪ್ ಮಾಡಿ, ಒತ್ತಿ ಹಿಡಿದು ಮತ್ತೆ ನೋಡಿ. ಈಗ ಸುಲಭವಾಗಿ ಬಿತ್ತೇ? ಹಾಗಾದರೆ ಗೇರ್‌ಬಾಕ್ಸ್ ಬೋಲ್ಟ್ ಮುಟ್ಟಬೇಡಿ. ಲೈನ್‌ನಲ್ಲಿ ಏರ್ ಇದೆ, ಇಲ್ಲವೇ ಎಣ್ಣೆ ಕಡಿಮೆ ಇದೆ, ಇಲ್ಲವೇ ಮಾಸ್ಟರ್‌ನ ವಾಷರ್ (ಎಣ್ಣೆ ತಡೆಯುವ ರಬ್ಬರ್ ಸೀಲು) ಸೋತಿದೆ. ಎಷ್ಟು ಪಂಪ್ ಮಾಡಿದರೂ ವ್ಯತ್ಯಾಸವೇ ಇಲ್ಲವೆಂದರೆ ಮಾತ್ರ ಒಳಗಿನ ಭಾಗಗಳ ಮೇಲೆ ಅನುಮಾನ ಹೆಚ್ಚುತ್ತದೆ.

ಇನ್ನೊಂದು ಪರೀಕ್ಷೆ. ಸಮತಟ್ಟು ಜಾಗ, ಮುಂದೆ ಯಾರೂ ನಿಂತಿರಬಾರದು, ಬ್ರೇಕ್ ಮೇಲೆ ಕಾಲು ಸಿದ್ಧವಾಗಿರಲಿ. ಫಸ್ಟ್ ಗೇರ್ ಹಾಕಿ ಪೆಡಲನ್ನು ಅರ್ಧ ನಿಮಿಷ ಒತ್ತಿಯೇ ಹಿಡಿಯಿರಿ. ಮೊದಲು ಸುಮ್ಮನಿದ್ದ ಗಾಡಿ ನಿಧಾನವಾಗಿ ತೆವಳಲು ಶುರುಮಾಡಿದರೆ, ಹೊರಗೆಲ್ಲೂ ಸೋರಿಕೆಯೂ ಇಲ್ಲದಿದ್ದರೆ, ಮಾಸ್ಟರ್‌ನ ಮುಂದಿನ ವಾಷರ್ ಎಣ್ಣೆಯನ್ನು ಒಳಗೊಳಗೇ ಹಿಂದಕ್ಕೆ ಬಿಡುತ್ತಿದೆ. ಮಾಸ್ಟರ್‌ಗೆ ಎಣ್ಣೆ ಕೊಡುವ ಡಬ್ಬಿಯ ಮಟ್ಟ ಒಂದು ಹನಿಯೂ ಇಳಿಯುವುದಿಲ್ಲ. ಅದಕ್ಕೇ ಈ ದೋಷ ಅಷ್ಟು ಜನರನ್ನು ದಾರಿ ತಪ್ಪಿಸುವುದು.

ಮಟ್ಟದ ವಿಷಯ ಬಂತು. ಬ್ರೇಕಿನಲ್ಲಿ ಪ್ಯಾಡ್ ಸವೆದಂತೆ ಡಬ್ಬಿಯ ಎಣ್ಣೆ ಇಳಿಯುತ್ತದೆ. ಕ್ಲಚ್‌ನಲ್ಲಿ ಹಾಗಲ್ಲ. ಪ್ಲೇಟ್ ಸವೆದಂತೆ ಪ್ರೆಶರ್ ಪ್ಲೇಟಿನ ಬೆರಳುಗಳು ಗೇರ್‌ಬಾಕ್ಸ್ ಕಡೆಗೆ ಸರಿಯುತ್ತವೆ. ಬೇರಿಂಗ್ ಸದಾ ಬೆರಳಿಗೆ ತಾಗಿಯೇ ಇರುವ ಗಾಡಿಗಳಲ್ಲಿ ಸ್ಲೇವ್ ಪಿಸ್ಟನ್ ಒಳಕ್ಕೆ ಹೋಗಿ, ಡಬ್ಬಿಯ ಮಟ್ಟ ಒಂದಿಷ್ಟು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಹಾಗಾಗಿ ‘ಸ್ವಲ್ಪ ಟಾಪ್‌ಅಪ್ ಮಾಡಿ ನೋಡೋಣ’ ಎಂಬುದು ತಪಾಸಣೆ ಅಲ್ಲ. ಇಳಿದಿದೆ ಎಂದರೆ ಸೋರುತ್ತಿದೆ. ಕೆಲವು ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ ಇರುತ್ತದೆ. ಅಲ್ಲಿ ಈ ಸೋರಿಕೆಯನ್ನು ಒಂದು ದಿನವೂ ಮುಂದೂಡಬೇಡಿ.

ಎಲ್ಲಿ ಸೋರುತ್ತದೆ? ಮಾಸ್ಟರ್ ಹಿಂಭಾಗದಿಂದ ಸೋರಿದರೆ ಪೆಡಲ್ ಸರಳಿನ ಮೇಲೆ ಇಳಿದು ಮ್ಯಾಟ್ ಕೆಳಗೆ ಸೇರುತ್ತದೆ, ಅಲ್ಲಿ ಬಣ್ಣ ಎದ್ದಿರುತ್ತದೆ. ಸ್ಲೇವ್‌ನ ರಬ್ಬರ್ ಬೂಟನ್ನು ಬೆರಳಿನಿಂದ ಮಡಚಿ ನೋಡಿ. ಒಳಗೆ ಒದ್ದೆ ಇದ್ದರೆ ವಾಷರ್ ಮುಗಿದಿದೆ. ಬೆಲ್ ಹೌಸಿಂಗ್ ಕೆಳಗೆ ಹನಿ ಬೀಳುತ್ತಿದ್ದು ಅದು ಯಾವ ಎಣ್ಣೆ ಎಂದು ಗೊತ್ತಾಗದಿದ್ದರೆ, ಒಂದು ಲೋಟ ನೀರಿಗೆ ಎರಡು ಹನಿ ಬಿಡಿ. ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ. ಎಂಜಿನ್ ಆಯಿಲ್, ಗೇರ್ ಆಯಿಲ್ ತೇಲುತ್ತವೆ; ಹಾಗೆ ತೇಲಿದರೆ ಆಯಿಲ್ ಸೀಲ್ ಕೆಲಸ, ಗೇರ್‌ಬಾಕ್ಸ್ ಇಳಿಯಲೇಬೇಕು.

ಈಗ ಅಳತೆ. ಇದನ್ನು ಮಾಡುವವರು ಕಡಿಮೆ, ನನ್ನ ಪ್ರಕಾರ ಇದೇ ಮುಖ್ಯ. ಹುಡುಗ ಪೆಡಲ್ ಒತ್ತಲಿ, ಸ್ಲೇವ್‌ನ ಪುಶ್‌ರಾಡ್ ಎಷ್ಟು ಮಿಲಿಮೀಟರ್ ಹೊರಬರುತ್ತದೆ ಎಂದು ಸ್ಕೇಲ್ ಹಿಡಿದು ನೋಡಿ. ಎಷ್ಟು ಬರಬೇಕು ಎಂಬುದು ಬೋರ್‌ನ, ಅಂದರೆ ಸಿಲಿಂಡರ್‌ನ ಒಳವ್ಯಾಸದ, ಲೆಕ್ಕ. ಉದಾಹರಣೆಗೆ, ಮಾಸ್ಟರ್ 5/8 ಇಂಚು ಅಂದರೆ 15.87 ಮಿ.ಮೀ., ಸ್ಲೇವ್ 3/4 ಇಂಚು ಅಂದರೆ 19.05 ಮಿ.ಮೀ. ಇರಲಿ. ವಿಸ್ತೀರ್ಣದ ಅನುಪಾತ 1.44. ಮಾಸ್ಟರ್ ಪಿಸ್ಟನ್ 25 ಮಿ.ಮೀ. ಸರಿದರೆ ಸ್ಲೇವ್ ಸುಮಾರು 17 ಮಿ.ಮೀ. ಸರಿಯಬೇಕು. ಅಳತೆಗೆ 11 ಬಂದರೆ 6 ಮಿ.ಮೀ. ಎಲ್ಲೋ ಕಳೆದುಹೋಗಿದೆ. ಲೆಕ್ಕದಷ್ಟು ಬಂದೂ ಗೇರ್ ಬೀಳದಿದ್ದರೆ ಹೈಡ್ರಾಲಿಕ್ ಸರಿಯಿದೆ. ಫೋರ್ಕ್ ಬಿರುಕು, ಫೋರ್ಕ್ ಕೂರುವ ಬಾಲ್ ಸವೆತ, ಸೊಟ್ಟಗಾದ ಪ್ಲೇಟ್, ಹಿಡಿದುಕೊಂಡ ಪೈಲಟ್ ಬೇರಿಂಗ್, ಇವುಗಳಲ್ಲೊಂದು. ಮಳೆಗಾಲವಿಡೀ ನಿಂತಿದ್ದ ಗಾಡಿಯಾದರೆ ಪ್ಲೇಟ್ ತುಕ್ಕಿನಿಂದ ಫ್ಲೈವೀಲ್‌ಗೆ ಅಂಟಿಕೊಂಡಿರುವುದೂ ಉಂಟು.

ಇದೇ ಲೆಕ್ಕ ಡೂಪ್ಲಿಕೇಟ್ ಬಿಡಿಭಾಗವನ್ನೂ ಹಿಡಿದುಕೊಡುತ್ತದೆ. ನೋಡಲು ಒಂದೇ ತರಹ ಇದ್ದು ಸ್ಲೇವ್ ಬೋರ್ 7/8 ಇಂಚು ಇದ್ದರೆ, ಅದೇ 25 ಮಿ.ಮೀ.ಗೆ ರಾಡ್ ಬರುವುದು 13ಕ್ಕಿಂತ ಕಡಿಮೆ. ಪೆಡಲ್ ಹಗುರವಾಗುತ್ತದೆ, ಮಾಲೀಕರಿಗೆ ಖುಷಿ. ಕ್ಲಚ್ ಮಾತ್ರ ಎಂದೂ ಪೂರ್ತಿ ಕಟ್ ಆಗುವುದಿಲ್ಲ. ಹೊಸದನ್ನು ಹಾಕುವ ಮೊದಲು ಹಳೆಯದರ ಪಕ್ಕದಲ್ಲಿಟ್ಟು ವರ್ನಿಯರ್ ಹಿಡಿಯಿರಿ.

ಕಳೆದುಹೋದ ಆ ಮಿಲಿಮೀಟರ್‌ಗಳು ಎಣ್ಣೆಯಲ್ಲೇ ಹೋಗಿರಬೇಕೆಂದಿಲ್ಲ. ಪೆಡಲ್ ಬುಷ್, ಪಿನ್ ಕೂರುವ ತೂತು ಸವೆದು ಉದ್ದಗಾಗಿದ್ದರೆ ಅಲ್ಲೇ ಒಂದಷ್ಟು ಹೋಗುತ್ತದೆ. ಬಾನೆಟ್ ತೆರೆದು, ಪೆಡಲ್ ಒತ್ತಿಸಿ ಮಾಸ್ಟರ್‌ನ ಬುಡ ನೋಡಿ. ಹಳೆಯ ಗಾಡಿಗಳಲ್ಲಿ ತಗಡು ಬಿರುಕುಬಿಟ್ಟು ಇಡೀ ಮಾಸ್ಟರೇ ಮುಂದೆ ವಾಲುತ್ತದೆ. ಸ್ಲೇವ್ ಪಕ್ಕದ ರಬ್ಬರ್ ಹೋಸನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳಿ. ಒತ್ತಿದಾಗ ಅದು ಕೈಯೊಳಗೆ ಉಬ್ಬಿದರೆ ಬದಲಾಯಿಸಿ.

ಆಗ ಹೇಳಿದ ಅಪವಾದಕ್ಕೆ ಬರೋಣ. ಮೇಜಿನ ಮೇಲಿರುವ ಈ ಕತ್ತರಿಸಿದ ಮಾಸ್ಟರ್ ನೋಡಿ. ಡಬ್ಬಿಯಿಂದ ಬೋರ್‌ಗೆ ಎರಡು ತೂತು. ದೊಡ್ಡದು ಹಿಂದೆ, ಸೂಜಿ ತೂರುವಷ್ಟು ಸಣ್ಣದು ವಾಷರ್ ತುಟಿಯ ಸ್ವಲ್ಪ ಮುಂದೆ. ಪೆಡಲ್ ಬಿಟ್ಟಾಗ ಈ ಸಣ್ಣ ತೂತು ತೆರೆದಿರಲೇಬೇಕು, ಬಿಸಿಗೆ ಹಿಗ್ಗಿದ ಎಣ್ಣೆ ಡಬ್ಬಿಗೆ ವಾಪಸಾಗುವ ದಾರಿ ಇದೊಂದೇ. ಗೇರ್ ಬೀಳುತ್ತಿಲ್ಲವೆಂದು ಯಾರೋ ಮಾಸ್ಟರ್ ಪುಶ್‌ರಾಡನ್ನು ಉದ್ದ ಮಾಡಿ ಬಿಗಿ ಹೊಂದಿಸಿದರೆ ವಾಷರ್ ಆ ತೂತನ್ನು ಮುಚ್ಚಿಬಿಡುತ್ತದೆ. ಬೆಳಿಗ್ಗೆ ಗಾಡಿ ಚೆನ್ನಾಗಿರುತ್ತದೆ. ಏಪ್ರಿಲ್-ಮೇ ತಿಂಗಳ ನಮ್ಮ ನಲವತ್ತು ಡಿಗ್ರಿ ಬಿಸಿಲು, ಅದರ ಮೇಲೆ ಎಂಜಿನ್ ಶಾಖ. ಸಿಕ್ಕಿಬಿದ್ದ ಎಣ್ಣೆ ಹಿಗ್ಗಿ ಸ್ಲೇವನ್ನು ತಳ್ಳುತ್ತದೆ, ಮಧ್ಯಾಹ್ನ ಸಂಡೂರಿನ ಏರಿನಲ್ಲಿ ಕ್ಲಚ್ ಸ್ಲಿಪ್ ಆಗುತ್ತದೆ. ಪ್ಲೇಟ್ ಸವೆದಿದೆ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಸ್ಲಿಪ್ ಆಗುತ್ತಿರುವಾಗಲೇ ಗಾಡಿ ನಿಲ್ಲಿಸಿ, ಸ್ಲೇವ್‌ನ ಏರ್ ತೆಗೆಯುವ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ. ಎಣ್ಣೆ ಚಿಮ್ಮಿ, ಮತ್ತೆ ಬಿಗಿದ ಮೇಲೆ ಸ್ಲಿಪ್ ನಿಂತರೆ ಪ್ಲೇಟ್ ನಿರಪರಾಧಿ. ಮಾಸ್ಟರ್ ಪುಶ್‌ರಾಡ್ ತುದಿಗೂ ಅದರ ಪಿಸ್ಟನ್‌ಗೂ ನಡುವೆ 1 ಮಿ.ಮೀ.ನಷ್ಟಾದರೂ ಆಟ ಕೊಡಿ. ಆಟ ಇದ್ದೂ ಹೀಗಾದರೆ ಸಣ್ಣ ತೂತಿಗೆ ಕಸ ಕೂತಿದೆ, ಅಥವಾ ಹೋಸ್ ಒಳಗಿನ ರಬ್ಬರ್ ಕಿತ್ತು ಎಣ್ಣೆ ಹಿಂತಿರುಗದಂತೆ ಅಡ್ಡ ನಿಂತಿದೆ.

ಆ ಕಸ ಬರುವುದೆಲ್ಲಿಂದ? ಅದಿರು ಲಾರಿಗಳ ರಸ್ತೆಯಲ್ಲಿ ಓಡುವ ಗಾಡಿಯ ಬಾನೆಟ್ ತೆರೆದರೆ ಗೊತ್ತಾಗುತ್ತದೆ, ಎಲ್ಲದರ ಮೇಲೂ ಕೆಂಪು ಪುಡಿ. ಮುಚ್ಚಳ ತೆರೆಯುವ ಮೊದಲು ಸುತ್ತ ಒರೆಸಿ. ಸ್ಲೇವ್‌ನ ಬೂಟ್ ಹರಿದಿದ್ದರೆ ಆ ಪುಡಿ ಬೋರ್ ಸೇರಿ ಅರದಿಂದ ಉಜ್ಜಿದಂತೆ ಗೀರುತ್ತದೆ. ಅಂಥ ಸಿಲಿಂಡರ್‌ಗೆ ಬರೀ ವಾಷರ್ ಕಿಟ್ ಹಾಕುವುದು ದುಡ್ಡು ದಂಡ. ಬೋರ್ ಒಳಗೆ ಉಗುರು ಆಡಿಸಿ; ಎಲ್ಲಾದರೂ ತಡೆದರೆ ಪೂರ್ತಿ ಸಿಲಿಂಡರ್ ಹೊಸದು ಹಾಕಿ. ನುಣುಪಾಗಿದ್ದರೆ ಕಿಟ್ ಸಾಕು. ತೊಳೆಯುವುದು ಬ್ರೇಕ್ ಆಯಿಲ್‌ನಲ್ಲೇ. ಡೀಸೆಲ್, ಪೆಟ್ರೋಲ್, ಎಂಜಿನ್ ಆಯಿಲ್ ತಾಗಿದ ವಾಷರ್ ಉಬ್ಬಿ ಕೆಡುತ್ತದೆ.

ಎಣ್ಣೆ ಡಾಟ್ 3 ಅಥವಾ ಡಾಟ್ 4, ಡಬ್ಬಿ ಮುಚ್ಚಳದ ಮೇಲೆ ಬರೆದಿರುವುದೇ. ಸಿಲಿಕೋನ್‌ನ ಡಾಟ್ 5 ಬೇಡ. ಡಾಟ್ 3, ಡಾಟ್ 4 ಗಾಳಿಯ ತೇವ ಹೀರುವ ಎಣ್ಣೆಗಳು. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಸ್ಲೇವ್ ಸೈಲೆನ್ಸರ್ ಪೈಪಿನ ಹತ್ತಿರ ಇರುವ ಗಾಡಿಗಳಲ್ಲಿ ಹಳೆಯ ಎಣ್ಣೆ ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ, ತಣ್ಣಗಾದ ಮೇಲೆ ಮತ್ತೆ ಸರಿಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಕಾಲು ಲೀಟರ್ ಡಬ್ಬಿಯಲ್ಲಿ ಕೆಲಸ ಮುಗಿಯುತ್ತದೆ. ಸೀಲು ಒಡೆದು ವರ್ಷಗಟ್ಟಲೆ ಕಪಾಟಿನಲ್ಲಿಟ್ಟ ಡಬ್ಬಿ ಬೇಡ.

ಏರ್ ತೆಗೆಯುವ ವಿಧಾನ ನಿಮಗೆಲ್ಲ ಗೊತ್ತು: ಒತ್ತು, ಹಿಡಿ, ನಿಪ್ಪಲ್ ಬಿಡು, ಬಿಗಿ, ಆಮೇಲೆ ಪೆಡಲ್ ಬಿಡು. ನಿಪ್ಪಲ್ ತೆರೆದಿರುವಾಗ ಕಾಲು ಎತ್ತಿದರೆ ಗಾಳಿ ವಾಪಸ್ ಒಳಗೆ. ಎಷ್ಟು ತೆಗೆದರೂ ಗುಳ್ಳೆ ನಿಲ್ಲದಿದ್ದರೆ ಸ್ಲೇವ್ ತಿರುಗುಮುರುಗಾಗಿ ಕೂತಿದೆಯೇ ನೋಡಿ, ನಿಪ್ಪಲ್ ಮೇಲ್ಭಾಗದಲ್ಲಿರಬೇಕು. ಆಗಲೂ ಹೋಗದಿದ್ದರೆ ಸ್ಲೇವ್ ಬಿಚ್ಚಿ, ನಿಪ್ಪಲ್ ಮೇಲಾಗಿ ಹಿಡಿದು, ಪಿಸ್ಟನ್ನನ್ನು ಕೈಯಿಂದ ನಿಧಾನ ಒಳಕ್ಕೆ ತಳ್ಳಿ; ಗುಳ್ಳೆಗಳು ಡಬ್ಬಿಯಲ್ಲಿ ಬಂದು ಒಡೆಯುತ್ತವೆ. ಸ್ಲೇವ್ ಹೊರಗಿರುವಾಗ ಪೆಡಲ್ ಮುಟ್ಟಬೇಡಿ ಎಂದು ಹುಡುಗನಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಪಿಸ್ಟನ್ ನೆಲದ ಮೇಲೆ ಹುಡುಕಬೇಕಾಗುತ್ತದೆ.

ಪ್ರಶ್ನೆಗಳನ್ನು ಗಾಡಿಯ ಹತ್ತಿರವೇ ಕೇಳಿ. ಹೊರಗೆ ಒಂದು ಸುಮೋ ನಿಲ್ಲಿಸಿದ್ದೇವೆ, ಪೆಡಲ್ ಮೆತ್ತಗಿದೆ, ಡಬ್ಬಿಯ ಮಟ್ಟ ಸರಿಯಿದೆ. ಇಬ್ಬಿಬ್ಬರಾಗಿ ಬನ್ನಿ: ಒಬ್ಬರು ಸೀಟಿನಲ್ಲಿ, ಒಬ್ಬರು ಕೆಳಗೆ ಸ್ಕೇಲ್ ಹಿಡಿದು. ಬಂದ ಅಳತೆಯನ್ನು ಬೋರ್ಡ್ ಮೇಲೆ ಬರೆಯಿರಿ, ದೋಷ ಎಲ್ಲಿದೆ ಎಂದು ಅದರಿಂದಲೇ ಹೇಳಿ.