ಶಸ್ತ್ರಚಿಕಿತ್ಸಕರ ಗಳಿಕೆ: ಲೆಕ್ಕಕ್ಕೆ ಬರುವ ದುಡಿಮೆ, ಬಾರದ ದುಡಿಮೆ

ಮಾನ್ಯರೇ,

ಜನರಲ್ ಸರ್ಜನ್ (ಮುಖ್ಯವಾಗಿ ಹೊಟ್ಟೆಯ ಅಂಗಗಳ ಆಪರೇಷನ್ ಮಾಡುವ ವೈದ್ಯರು) ಒಬ್ಬರು ವರ್ಷಕ್ಕೆ ಎಷ್ಟು ಗಳಿಸುತ್ತಾರೆ ಎಂದು ಕೇಳುವವರು ಸಾಮಾನ್ಯವಾಗಿ ಒಂದು ಅಂಕಿಯನ್ನು ನಿರೀಕ್ಷಿಸುತ್ತಾರೆ. ಆದರೆ ನಿಖರವಾದ ಮಧ್ಯಾಂಕ ವೇತನವನ್ನು, ಅಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು, ಅರ್ಧದಷ್ಟು ಜನ ಕಡಿಮೆ ಗಳಿಸುವ ಮೊತ್ತವನ್ನು, ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯೂ ಕೊಡುವುದಿಲ್ಲ. ಅದರ ಇತ್ತೀಚಿನ ವರ್ಷಗಳ ವರದಿಗಳಲ್ಲಿ ಶಸ್ತ್ರಚಿಕಿತ್ಸಕರ ಮಧ್ಯಾಂಕ ವೇತನ ‘2,39,200 ಡಾಲರ್ ಅಥವಾ ಅದಕ್ಕೂ ಹೆಚ್ಚು’ ಎಂದಷ್ಟೇ ಇರುತ್ತದೆ. ಆ ಮಿತಿಯನ್ನು ದಾಟಿದ ಮಧ್ಯಾಂಕವನ್ನು ಅದು ಬಿಡಿಸಿ ತೋರಿಸುವುದಿಲ್ಲ. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಚಿತ್ರ ಬೇರೆ. 2024-25ರಲ್ಲಿ ಅಲ್ಲಿನ ಕನ್ಸಲ್ಟೆಂಟ್ (ಹಿರಿಯ ತಜ್ಞ) ವೈದ್ಯರ ಮೂಲ ವೇತನ 1,05,504 ಪೌಂಡ್‌ಗಳಿಂದ 1,39,882 ಪೌಂಡ್‌ಗಳವರೆಗೆ ಇತ್ತು. ಹೊಟ್ಟೆಯ ಆಪರೇಷನ್ ಮಾಡುವವರಿಗೂ ಚರ್ಮರೋಗ ನೋಡುವವರಿಗೂ ಶ್ರೇಣಿ ಒಂದೇ. ಒಂದೇ ಬಗೆಯ ಆಪರೇಷನ್ನನ್ನು ಒಂದೇ ಮಟ್ಟದ ನೈಪುಣ್ಯದಿಂದ ಮಾಡುವ ಇಬ್ಬರ ಗಳಿಕೆಯಲ್ಲಿ ಇಷ್ಟೊಂದು ಅಂತರ ಬರುವುದಕ್ಕೆ, ಅವರ ದುಡಿಮೆಯ ಯಾವ ಭಾಗವನ್ನು ಎಣಿಸಲಾಗುತ್ತದೆ, ಯಾವುದನ್ನು ಎಣಿಸದೆ ಬಿಡಲಾಗುತ್ತದೆ ಎಂಬುದೇ ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ.

ಈ ಎಣಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಅಮೆರಿಕದ ಪದ್ಧತಿಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಹಾರ್ವರ್ಡ್ ವಿಶ್ವವಿದ್ಯಾಲಯದ ವಿಲಿಯಂ ಶಾವೊ ಮತ್ತು ಅವರ ಸಂಗಡಿಗರ ಅಧ್ಯಯನವನ್ನು ಆಧರಿಸಿ, ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್ 1992ರಿಂದ ಪ್ರತಿಯೊಂದು ಚಿಕಿತ್ಸೆಗೂ ಇಂತಿಷ್ಟು ಯೂನಿಟ್ ಎಂದು ಬೆಲೆ ಕಟ್ಟುತ್ತಿದೆ. ಅದರಲ್ಲಿ ವೈದ್ಯರ ಶ್ರಮ, ಕ್ಲಿನಿಕ್ ನಡೆಸುವ ಖರ್ಚು, ವೃತ್ತಿ ವಿಮೆಯ (ಚಿಕಿತ್ಸೆಯಲ್ಲಿ ತಪ್ಪಾಯಿತೆಂಬ ದೂರುಗಳಿಂದ ರಕ್ಷಣೆ ಕೊಡುವ ವಿಮೆಯ) ಖರ್ಚು ಎಂಬ ಮೂರು ಪಾಲುಗಳಿವೆ. ಆಸ್ಪತ್ರೆಗಳ ನೌಕರಿಯಲ್ಲಿರುವ ಬಹಳಷ್ಟು ಶಸ್ತ್ರಚಿಕಿತ್ಸಕರ ಸಂಬಳವೂ ಈಗ ಶ್ರಮದ ಯೂನಿಟ್‌ಗಳನ್ನೇ ಅವಲಂಬಿಸಿದೆ. ಮೊದಲ ಒಂದೆರಡು ವರ್ಷ ಖಚಿತ ಸಂಬಳವಿದ್ದು, ಆಮೇಲೆ ಯೂನಿಟ್‌ಗೆ ಇಷ್ಟು ಎಂಬ ದರ ಅನ್ವಯವಾಗುವುದು ರೂಢಿ.

ಲ್ಯಾಪರೋಸ್ಕೋಪಿ (ಸಣ್ಣ ರಂಧ್ರಗಳಿಂದ ಕ್ಯಾಮೆರಾ ತೂರಿಸಿ ಮಾಡುವ ವಿಧಾನ) ಮೂಲಕ ಪಿತ್ತಕೋಶ ತೆಗೆಯುವ ಆಪರೇಷನ್ನನ್ನೇ ನೋಡೋಣ. ಇದಕ್ಕೆ ಬಹುಕಾಲ ನಿಗದಿಯಾಗಿದ್ದ ಶ್ರಮದ ಬೆಲೆ 10.47 ಯೂನಿಟ್. ಊತವಿಲ್ಲದ, ಅಂಗರಚನೆ ನಿಚ್ಚಳವಾಗಿ ಕಾಣುವ ಪಿತ್ತಕೋಶವಾದರೆ ನುರಿತವರು ಮುಕ್ಕಾಲು ಗಂಟೆಯಲ್ಲಿ ಮುಗಿಸಬಲ್ಲರು. ಅದೇ ಪಿತ್ತಕೋಶ ಕೀವುಗಟ್ಟಿ, ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಂಡು, ಪಿತ್ತನಾಳ ಯಾವುದು, ರಕ್ತನಾಳ ಯಾವುದು ಎಂದು ಗುರುತಿಸುವುದೇ ಕಷ್ಟವಾದಾಗ ಮೂರು ಗಂಟೆಯೂ ಹಿಡಿಯಬಹುದು. ಪಿತ್ತನಾಳಕ್ಕೆ ಗಾಯವಾದರೆ ರೋಗಿಯ ಜೀವನವೇ ಬದಲಾಗುವ ಅಪಾಯವಿರುತ್ತದೆ. ಯೂನಿಟ್ ಮಾತ್ರ ಎರಡಕ್ಕೂ ಅಷ್ಟೇ. ಅಸಾಧಾರಣ ಶ್ರಮಕ್ಕೆ ಹೆಚ್ಚುವರಿ ಹಣ ಕೇಳಲು ಅವಕಾಶವಿದೆಯಾದರೂ ಅದಕ್ಕೆ ವಿವರವಾದ ದಾಖಲೆ ಒದಗಿಸಬೇಕು, ಒದಗಿಸಿದರೂ ಹಣ ಬಂದೇ ಬರುತ್ತದೆಂಬ ಭರವಸೆ ಇಲ್ಲ.

ಇದಲ್ಲದೆ ದೊಡ್ಡ ಆಪರೇಷನ್ನಿನ ಶುಲ್ಕದಲ್ಲಿ ಮುಂದಿನ 90 ದಿನಗಳ ಆರೈಕೆಯೂ ಸೇರಿರುತ್ತದೆ. ವಾರ್ಡಿನ ಭೇಟಿ, ಹೊಲಿಗೆ ಬಿಚ್ಚುವುದು, ಗಾಯ ಕೀವಾದರೆ ಮತ್ತೆ ಮತ್ತೆ ನೋಡುವುದು ಇವು ಯಾವುದಕ್ಕೂ ಬೇರೆ ಬಿಲ್ ಇಲ್ಲ. ತೊಡಕು ಉಂಟಾದರೂ ರೋಗಿಯನ್ನು ಮರಳಿ ಆಪರೇಷನ್ ಥಿಯೇಟರಿಗೆ ಒಯ್ಯಬೇಕಾಗಿ ಬಂದಾಗ ಮಾತ್ರ ಮೆಡಿಕೇರ್ ಪ್ರತ್ಯೇಕವಾಗಿ ಕೊಡುತ್ತದೆ. ಒಂದೇ ಸಲಕ್ಕೆ ಎರಡು ಆಪರೇಷನ್ ಮಾಡಿದರೆ ಎರಡನೆಯದಕ್ಕೆ ಸಾಮಾನ್ಯವಾಗಿ ಅರ್ಧ ಶುಲ್ಕ. ರೋಗಿಯ ಪಕ್ಕದಲ್ಲಿ ಕುಳಿತು, ‘ಈ ಆಪರೇಷನ್ ನಿಮಗೆ ಬೇಡ’ ಎಂದು ವಿವರಿಸಿ ಹೇಳುವ ವಿವೇಕಕ್ಕೆ ಒಂದು ಸಮಾಲೋಚನೆಯ ಶುಲ್ಕವಷ್ಟೇ ಸಿಗುತ್ತದೆ. ನನ್ನ ದೃಷ್ಟಿಯಲ್ಲಿ ಈ ಪದ್ಧತಿಯ ಅತಿದೊಡ್ಡ ಕೊರತೆ ಇದೇ, ಏಕೆಂದರೆ ಒಳ್ಳೆಯ ಶಸ್ತ್ರಚಿಕಿತ್ಸಕರ ಬುದ್ಧಿ ಹೆಚ್ಚು ಖರ್ಚಾಗುವುದು ಅಂಥ ನಿರ್ಧಾರಗಳಲ್ಲಿಯೇ.

ಇನ್ನು ಆನ್-ಕಾಲ್ ಕರ್ತವ್ಯದ, ಅಂದರೆ ಕರೆ ಬಂದರೆ ಯಾವ ಹೊತ್ತಿಗಾದರೂ ಹಾಜರಾಗಲು ಸಿದ್ಧರಿರುವ ಪಾಳಿಯ ವಿಷಯ. ಒಡೆದ ಅಪೆಂಡಿಕ್ಸ್, ತೂತು ಬಿದ್ದ ಕರುಳು, ಅಪಘಾತದ ರಕ್ತಸ್ರಾವ ಇವೆಲ್ಲ ಹೊತ್ತು ನೋಡಿ ಬರುವುದಿಲ್ಲವಾದ್ದರಿಂದ ಜನರಲ್ ಸರ್ಜನ್‌ಗಳ ಬದುಕಿನಲ್ಲಿ ರಾತ್ರಿಯ ಕರೆಗೆ ದೊಡ್ಡ ಪಾಲಿದೆ. ಇಂಗ್ಲೆಂಡಿನ 2003ರ ಕನ್ಸಲ್ಟೆಂಟ್ ಒಪ್ಪಂದದಲ್ಲಿ ಕರೆಗೆ ಸಿದ್ಧರಾಗಿರುವುದಕ್ಕೆ ಕೊಡುವ ಭತ್ಯೆಯ ಗರಿಷ್ಠ ಪ್ರಮಾಣ ಮೂಲ ವೇತನದ ಶೇ. 8 ಮಾತ್ರ. ಅಮೆರಿಕದಲ್ಲಿ 1986ರ ಕಾನೂನಿನ ಪ್ರಕಾರ ತುರ್ತು ಸ್ಥಿತಿಯಲ್ಲಿ ಬಂದವರನ್ನು ಹಣ ಕೊಡುವ ಶಕ್ತಿ ಇರಲಿ, ಇಲ್ಲದಿರಲಿ, ಆಸ್ಪತ್ರೆ ನೋಡಲೇಬೇಕು. ಅದು ನ್ಯಾಯವೇ. ಆದರೆ ವಿಮೆಯಿಲ್ಲದ ರೋಗಿಗೆ ನಡುರಾತ್ರಿ ಮಾಡಿದ ಆಪರೇಷನ್ನಿನ ನಷ್ಟವನ್ನು ಯಾರು ಭರಿಸಬೇಕು ಎಂಬುದು ಆಸ್ಪತ್ರೆಗೂ ಶಸ್ತ್ರಚಿಕಿತ್ಸಕರಿಗೂ ನಡುವಿನ ಕರಾರಿಗೆ ಬಿಟ್ಟ ಮಾತು. ವೈದ್ಯರು ವಿರಳವಾಗಿರುವ ಸಣ್ಣ ಊರುಗಳಲ್ಲಿ ಹೆಚ್ಚಿನ ಸಂಬಳ ಸಿಗುವುದುಂಟು. ಆ ಹೆಚ್ಚಳದ ಹಿಂದೆ ದಿನ ಬಿಟ್ಟು ದಿನ ಬರುವ ಕರೆಯ ಪಾಳಿ ಇದೆಯೇ ಎಂದು ವಿಚಾರಿಸಿಯೇ ಅದನ್ನು ಅಳೆಯಬೇಕು.

ಉಪವಿಶೇಷ ತರಬೇತಿ, ಅನುಭವ, ಖಾಸಗಿ ರೋಗಿಗಳ ಪ್ರಮಾಣ ಇವೂ ಗಳಿಕೆಯನ್ನು ಬದಲಿಸುತ್ತವೆ. ಅವು ನಿಮಗೆ ತಿಳಿದಿರುವಂಥವೇ. ಅಷ್ಟಾಗಿ ಚರ್ಚೆಯಾಗದ ಸಂಗತಿ ಮತ್ತೊಂದಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಪ್ರತಿ ಆಪರೇಷನ್ನಿಗೂ ಸರ್ಕಾರ ಗೊತ್ತುಪಡಿಸಿದ ಶುಲ್ಕವಿದೆ, ಗಂಡು ಹೆಣ್ಣೆಂಬ ಭೇದ ಅದರಲ್ಲಿಲ್ಲ. ಹಾಗಿದ್ದರೂ 2014ರಿಂದ 2016ರವರೆಗಿನ ಸುಮಾರು 15 ಲಕ್ಷ ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಪರೇಷನ್ ಮಾಡುವ ಪ್ರತಿ ಗಂಟೆಗೆ ಮಹಿಳಾ ಶಸ್ತ್ರಚಿಕಿತ್ಸಕರ ಗಳಿಕೆ ಪುರುಷರಿಗಿಂತ ಶೇ. 24ರಷ್ಟು ಕಡಿಮೆ ಎಂದು ಕಂಡುಬಂತು. ಸಾಮಾನ್ಯ ಆಪರೇಷನ್‌ಗಳಿಗೆ ಇಬ್ಬರೂ ತೆಗೆದುಕೊಂಡ ಸಮಯದಲ್ಲಿ ವ್ಯತ್ಯಾಸವಿರಲಿಲ್ಲ. ಹೆಚ್ಚು ಶುಲ್ಕದ ಕೆಲಸಗಳು ಮಹಿಳೆಯರ ಪಾಲಿಗೆ ಕಡಿಮೆ ಬರುತ್ತಿದ್ದವು. ದರಪಟ್ಟಿ ಸಮಾನವಾಗಿದ್ದ ಮಾತ್ರಕ್ಕೆ ಗಳಿಕೆ ಸಮಾನವಾಗುವುದಿಲ್ಲ, ಯಾವ ರೋಗಿಯನ್ನು ಯಾರ ಬಳಿಗೆ ಕಳುಹಿಸಲಾಗುತ್ತದೆ ಎಂಬುದನ್ನೂ ನೋಡಬೇಕು.

ಕೊನೆಯದಾಗಿ, ಘೋಷಿತ ಮೊತ್ತಕ್ಕೂ ಕೈಗೆ ಬರುವ ಮೊತ್ತಕ್ಕೂ ಇರುವ ಅಂತರ. ಸ್ವಂತ ಕ್ಲಿನಿಕ್ ಇಟ್ಟವರು ಬಾಡಿಗೆ, ಸಿಬ್ಬಂದಿಯ ಸಂಬಳ, ಬಿಲ್ಲಿಂಗ್ ವೆಚ್ಚ, ವೃತ್ತಿ ವಿಮೆಯ ಕಂತು ಎಲ್ಲವನ್ನೂ ಕಳೆದ ಮೇಲೆ ಉಳಿದದ್ದನ್ನೇ ಆದಾಯ ಎನ್ನಬೇಕು. ನೌಕರಿಗೆ ಸೇರುವ ಕಿರಿಯರು ಕರಾರಿಗೆ ಸಹಿ ಹಾಕುವ ಮುನ್ನ ತಿಂಗಳಿಗೆ ಎಷ್ಟು ರಾತ್ರಿ ಕರೆ, ಖಚಿತ ಸಂಬಳದ ಅವಧಿ ಮುಗಿದ ಮೇಲೆ ಯೂನಿಟ್‌ಗೆ ಎಷ್ಟು ದರ ಎಂಬುದನ್ನು ಬರಹದಲ್ಲಿ ಪಡೆಯಬೇಕು. ವಿಮೆಯ ವಿಷಯದಲ್ಲಂತೂ ಎಚ್ಚರ ಅಗತ್ಯ. ದೂರು ದಾಖಲಾಗುವ ದಿನ ಜಾರಿಯಲ್ಲಿದ್ದರೆ ಮಾತ್ರ ರಕ್ಷಣೆ ಕೊಡುವ ಪಾಲಿಸಿಯಾದರೆ, ಕೆಲಸ ಬಿಟ್ಟ ಮೇಲೆ ಬರುವ ದೂರುಗಳಿಗೆ ಪ್ರತ್ಯೇಕ ರಕ್ಷಣೆ ಕೊಳ್ಳಬೇಕಾಗುತ್ತದೆ. ಅದರ ಬೆಲೆ ಒಂದು ವರ್ಷದ ಕಂತನ್ನು ಮೀರುವುದು ಸಾಮಾನ್ಯ, ಮತ್ತು ಅದನ್ನು ಆಸ್ಪತ್ರೆ ಕಟ್ಟುತ್ತದೆಯೋ ವೈದ್ಯರು ಕಟ್ಟಬೇಕೋ ಎಂಬುದನ್ನು ಸೇರುವ ದಿನವೇ ಇತ್ಯರ್ಥ ಮಾಡಿಕೊಳ್ಳಬೇಕು.