ಪಿಎಸ್‌ಐ ಆಗುವ ಮುಂಚೆ ‘ಅರ್ಧ ಸತ್ಯ’ ನೋಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಬಳ್ಳಾರಿಯಲ್ಲಿ ಪೊಲೀಸ್ ಸಿನಿಮಾ ಅಂದ್ರೆ ಎರಡು ಭಾಷೆಯ ಹೀರೋಗಳು ನೆನಪಾಗುತ್ತಾರೆ. ಕನ್ನಡದ ‘ಸಾಂಗ್ಲಿಯಾನ’ದಲ್ಲಿ ಶಂಕರ್‌ನಾಗ್, ತೆಲುಗಿನ ‘ಅಂಕುಶಂ’ನಲ್ಲಿ ರಾಜಶೇಖರ್. ಆ ರಾಜಶೇಖರ್‌ಗೆ ದನಿ ಕೊಟ್ಟ ಸಾಯಿಕುಮಾರ್ 1996ರಲ್ಲಿ ನಮ್ಮ ‘ಪೊಲೀಸ್ ಸ್ಟೋರಿ’ಗೆ ಹೀರೋ ಆದರು. ಇವೆಲ್ಲ ನನಗೂ ಇಷ್ಟ. ಆದರೆ ನಾನು ಎಲ್ಲಕ್ಕಿಂತ ಮೇಲೆ ಇಡುವುದು 1983ರ ಹಿಂದಿ ಸಿನಿಮಾ ‘ಅರ್ಧ ಸತ್ಯ’. ಗೋವಿಂದ ನಿಹಲಾನಿ ನಿರ್ದೇಶನ, ವಿಜಯ್ ತೆಂಡೂಲ್ಕರ್ ಚಿತ್ರಕಥೆ. ಕಥೆ ಪೂರ್ತಿ ಹೇಳಿಬಿಡುತ್ತೇನೆ, ಇಷ್ಟು ಹಳೇ ಸಿನಿಮಾ, ಪರವಾಗಿಲ್ಲ ಅಲ್ವಾ?

ಓಂ ಪುರಿ ಇಲ್ಲಿ ಅನಂತ ವೇಲಣಕರ್ ಅನ್ನುವ ಮುಂಬೈ ಸಬ್ ಇನ್ಸ್‌ಪೆಕ್ಟರ್. ಅಪ್ಪನ ಬಲವಂತಕ್ಕೆ ಖಾಕಿ ತೊಟ್ಟವನು. ರಾಮಾ ಶೆಟ್ಟಿ ಎಂಬ ರೌಡಿಯನ್ನು ಹಿಡಿಯಲು ನೇರ ಅವನ ಮನೆಗೇ ನುಗ್ಗುತ್ತಾನೆ. ಶೆಟ್ಟಿ ಗಾಬರಿಯಾಗುವುದಿಲ್ಲ, ಕೂಗಾಡುವುದಿಲ್ಲ. ಸುಮ್ನೆ ಒಂದು ಫೋನ್ ಮಾಡುತ್ತಾನೆ. ಮೇಲಿನ ಅಧಿಕಾರಿ ‘ವಾಪಸ್ ಬಾ’ ಅನ್ನುತ್ತಾರೆ. ಮುಗೀತು. ಸದಾಶಿವ ಅಮ್ರಾಪುರ್ಕರ್ ಆ ಶೆಟ್ಟಿಯನ್ನು ಎಷ್ಟು ತಣ್ಣಗೆ ಮಾಡಿದ್ದಾರೆ ಅಂದ್ರೆ ಮೈ ಉರಿಯುತ್ತದೆ. ಅಕ್ರಮ ಗಣಿಗಾರಿಕೆ ಬಗ್ಗೆ 2011ರಲ್ಲಿ ಬಂದ ಲೋಕಾಯುಕ್ತ ವರದಿಗೂ ಮುಂಚೆ ಅದಿರು ಲಾರಿಗಳು ಹಗಲು ರಾತ್ರಿ ಓಡಿದ್ದನ್ನು ಕಂಡ ನಮ್ಮ ಜಿಲ್ಲೆಯವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ಸಿನಿಮಾ ಆಗಿದ್ದರೆ ಇಲ್ಲಿಂದ ಫೈಟ್ ಶುರುವಾಗುತ್ತಿತ್ತು. ಇಲ್ಲಿ ಆ ಸಿಟ್ಟು ಬೇರೆ ಕಡೆ ತಿರುಗುತ್ತದೆ. ಜೀವ ಪಣಕ್ಕಿಟ್ಟು ದರೋಡೆಕೋರನನ್ನು ಹಿಡಿದರೆ ಹೆಸರು ಇನ್ನೊಬ್ಬ ಅಧಿಕಾರಿಗೆ ಹೋಗುತ್ತದೆ. ಕುಡಿದು ಬಂದ ವೇಲಣಕರ್ ಕೈಗೆ ರೇಡಿಯೋ ಕದ್ದ ಒಬ್ಬ ಚಿಲ್ಲರೆ ಕಳ್ಳ ಸಿಗುತ್ತಾನೆ. ಅವನನ್ನು ಸಾಯುವ ಹಾಗೆ ಬಡಿಯುತ್ತಾನೆ. ಅವನು ಸತ್ತೇ ಹೋಗುತ್ತಾನೆ. ದೊಡ್ಡವನ ಮೈ ಮುಟ್ಟಲಾಗದವನು ಬಡವನ ಮೇಲೆ ಕೈ ಮಾಡಿದ. ಸಿಳ್ಳೆ ಹೊಡೆಯಲು ನಮಗೆ ಒಂದೇ ಒಂದು ಜಾಗ ಬಿಡುವುದಿಲ್ಲ ಈ ಸಿನಿಮಾ. ಅದಕ್ಕೇ ನನಗೆ ಇದು ದೊಡ್ಡದು.

ಓಂ ಪುರಿ ದಿಲೀಪ್ ಚಿತ್ರೆ ಅವರ ಪದ್ಯ ಓದುವ ದೃಶ್ಯವನ್ನು ತಪ್ಪಿಸಬೇಡಿ. ಹುರುಪಿನಿಂದ ಶುರು ಮಾಡುತ್ತಾರೆ. ಸಾಲು ಮುಂದೆ ಹೋದಂತೆ ದನಿ ಕುಗ್ಗುತ್ತದೆ, ಮುಖ ಬಿಗಿಯುತ್ತದೆ. ಪದ್ಯ ತನ್ನ ಬಗ್ಗೆಯೇ ಇದೆ ಅಂತ ವೇಲಣಕರ್‌ಗೆ ಗೊತ್ತಾಗಿಬಿಟ್ಟಿದೆ. ಓಂ ಪುರಿಗೆ ರಾಷ್ಟ್ರಪ್ರಶಸ್ತಿ ಕೊಡಲು ನನ್ನ ಪ್ರಕಾರ ಅದೊಂದೇ ದೃಶ್ಯ ಸಾಕಿತ್ತು. ವೇಲಣಕರ್ ಪ್ರೀತಿಸುವ ಹುಡುಗಿಯಾಗಿ ನಟಿಸಿದ ಸ್ಮಿತಾ ಪಾಟೀಲ್‌ಗೆ ಮಾತ್ರ ಇನ್ನೂ ಜಾಸ್ತಿ ಕೆಲಸ ಇರಬೇಕಿತ್ತು.

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಪಿಎಸ್‌ಐ ಪರೀಕ್ಷೆಗೆ ಓದುತ್ತಾ, ಬೆಳಗ್ಗೆ ಎದ್ದು ಮೈದಾನದಲ್ಲಿ ಓಡುತ್ತಿರುವ ತಮ್ಮಂದಿರು, ತಂಗಿಯರು ಎಷ್ಟೋ ಜನ ಇದ್ದೀರಿ. ವೇಲಣಕರ್ ಕೂಡ ನೀವು ಬಯಸುತ್ತಿರುವ ಅದೇ ಹುದ್ದೆಯಲ್ಲಿದ್ದವನು. ಕೊನೆಗೆ ಶೆಟ್ಟಿಯ ಕತ್ತು ಹಿಸುಕಿ, ತಾನೇ ಠಾಣೆಗೆ ಹೋಗಿ ಶರಣಾಗುತ್ತಾನೆ. ಒಮ್ಮೆ ಪೂರ್ತಿ ನೋಡಿ. ಶೆಟ್ಟಿ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನೀವು ಆ ರೇಡಿಯೋ ಕಳ್ಳನ ಬಗ್ಗೆ ಏನನ್ನಿಸಿತು ಅಂತ ನನಗೆ ಬರೆಯಿರಿ.